ಹೊಗೆಮಸಿಯನ್ನು ಅಳೆಯುವ ಬಗೆ

ಬೆಂಗಳೂರಿನಂತಹ ಮಹಾನಗರದ ಗಾಳಿಯಲ್ಲಿ ರಸ್ತೆಯ ಧೂಳೂ ಇದೆ, ಡೀಸೆಲ್ ಎಂಜಿನ್‌ಗಳ ಹೊಗೆಮಸಿಯೂ ಇದೆ. 2009ರ ರಾಷ್ಟ್ರೀಯ ಮಾನದಂಡವು 2.5 ಮೈಕ್ರಾನ್‌ವರೆಗಿನ ಕಣಗಳಿಗೆ ವಾರ್ಷಿಕ ಸರಾಸರಿ ಘನಮೀಟರಿಗೆ 40 ಮೈಕ್ರೋಗ್ರಾಂ ಮಿತಿಯನ್ನು ವಿಧಿಸಿತು. ಆದರೆ ಕಣಗಳ ತೂಕವೊಂದರಿಂದಲೇ ಧೂಳೆಷ್ಟು, ಮಸಿಯೆಷ್ಟು ಎಂಬುದು ತಿಳಿಯದು.

ಮಸಿಯನ್ನು ಪ್ರತ್ಯೇಕವಾಗಿ ಅಳೆಯಲು ಈಥಲೋಮೀಟರ್ ಎಂಬ ಉಪಕರಣವಿದೆ. ಇದು ಗಾಳಿಯನ್ನು ಶೋಧಕ ಪಟ್ಟಿಯ ಮೂಲಕ ಎಳೆದು, ಪಟ್ಟಿಯಲ್ಲಿ ಮೂಡಿದ ಕಪ್ಪು ಕಲೆಯ ಮೇಲೆ ಬೆಳಕು ಹಾಯಿಸುತ್ತದೆ. ಬೆಳಕು ಕುಂದಿದಷ್ಟೂ ಮಸಿ ಹೆಚ್ಚು. ಕೆಲವೇ ನಿಮಿಷಗಳಿಗೊಮ್ಮೆ ಅಳತೆ ದೊರೆಯುವುದರಿಂದ, ಮಸಿ ಏರಿದ ವೇಳೆಯನ್ನು ಜನರೇಟರ್ ನಡೆದ ವೇಳೆಯೊಡನೆ ಹೋಲಿಸಬಹುದು.

ಆದ್ದರಿಂದ ಉದ್ಯಮಿಗಳು ಜನರೇಟರ್ ಚಾಲನೆಯ ವೇಳೆ ಹಾಗೂ ಡೀಸೆಲ್ ಬಳಕೆಯನ್ನು ಪ್ರತಿದಿನ ದಾಖಲಿಸುವುದು ಒಳಿತು. ಹೊಗೆ ಕಪ್ಪಾಗಿದ್ದರೆ ಇಂಧನ ಪೂರ್ಣವಾಗಿ ಉರಿಯುತ್ತಿಲ್ಲವೆಂದೇ ಅರ್ಥ. ಇದರಿಂದ ಕಾರ್ಮಿಕರ ಆರೋಗ್ಯಕ್ಕೆ ಹಾನಿ, ಉದ್ಯಮಕ್ಕೆ ಇಂಧನದ ನಷ್ಟ.