ರೋಗಕಾಲದಲ್ಲಿ ಸರಕಾರದ ಮಾತು, ಜನರ ಮನಸ್ಸು

ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿದವರನ್ನು ಸುಡುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಸಾಂಕ್ರಾಮಿಕ ರೋಗ ಬಂದಾಗ ಈ ಮಾತಿನ ಅರ್ಥ ಚೆನ್ನಾಗಿ ತಿಳಿಯುತ್ತದೆ. ರೋಗ ಕೆಲವರ ದೇಹವನ್ನು ಹಿಡಿದರೆ, ಅದರ ಚಿಂತೆ ಊರಿನ ಎಲ್ಲರ ಮನಸ್ಸನ್ನೂ ಹಿಡಿಯುತ್ತದೆ. ದೇಹದ ರೋಗಕ್ಕೆ ವೈದ್ಯರಿದ್ದಾರೆ. ಊರಿಗೆ ಊರೇ ಚಿಂತೆಗೆ ಬಿದ್ದರೆ ಔಷಧವೇನು? ಅಂಥ ಹೊತ್ತಿನಲ್ಲಿ ಸರಕಾರ ಆಡುವ ಮಾತೇ ಮೊದಲ ಔಷಧ. ಅದು ಹೇಗೆ ಎಂಬುದನ್ನು 2020ರ ಕೋವಿಡ್ ಕಾಲದ ಅನುಭವದಿಂದ ನೋಡೋಣ.

ನಾವು ಕಂಡದ್ದು

ಸಾಂಗಲಿ–ಮಿರಜಗಳ ನಡುವೆ ಕುಪವಾಡ ಎಂಐಡಿಸಿ ಇದೆ. ಅಲ್ಲಿಯ ಕಾರ್ಖಾನೆಗಳನ್ನು ನಂಬಿ ಬದುಕುವವರಲ್ಲಿ ಜತ್ತ, ಕಾಗವಾಡ, ಅಥಣಿಯ ಕಡೆಯಿಂದ ಬಂದ ಕನ್ನಡದ ಕುಟುಂಬಗಳೂ ಇವೆ. 2020ರ ಮಾರ್ಚ್ 23ರಂದು ನಮ್ಮ ಜಿಲ್ಲೆಯ ಇಸ್ಲಾಂಪುರದಲ್ಲಿ, ಸೌದಿ ಅರೇಬಿಯಾದಿಂದ ಮರಳಿದ ಒಂದೇ ಮನೆಯ ನಾಲ್ವರಿಗೆ ಕೋವಿಡ್ ಇರುವುದು ತಿಳಿಯಿತು. ಒಂದು ವಾರದಲ್ಲಿ ಆ ಸಂಖ್ಯೆ ಇಪ್ಪತ್ತನ್ನು ದಾಟಿತು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಮಂತ್ರಿಗಳು 21 ದಿನಗಳ ಲಾಕ್‌ಡೌನ್ ಸಾರಿದರು. ಅದು ಜಾರಿಗೆ ಬಂದದ್ದು ಅದೇ ಮಧ್ಯರಾತ್ರಿ. ಯಂತ್ರಗಳ ಸದ್ದು ನಿಂತಿತು.

ಮರುದಿನಗಳಲ್ಲಿ ನಮ್ಮ ಓಣಿಯ ತುದಿಯಲ್ಲಿ ಧ್ವನಿವರ್ಧಕದ ಗಾಡಿಯೊಂದು ಹಾದುಹೋಯಿತು. ಮರಾಠಿಯ ‘ಸಂಚಾರಬಂದಿ’, ‘ವಿಲಗೀಕರಣ’ ಎಂಬ ಮಾತುಗಳು ಗಾಳಿಯಲ್ಲಿ ತುಂಡುತುಂಡಾಗಿ ಬಂದವು. ಸಂಚಾರಬಂದಿ ಎಂದರೆ ಓಡಾಟಕ್ಕೆ ತಡೆ. ವಿಲಗೀಕರಣ ಎಂದರೆ ಬೇರೆಯಾಗಿ ಇರಿಸುವುದು. ಆದರೆ ಕನ್ನಡದ ಕಿವಿಗೆ ‘ಬಂದಿ’ ಎಂದರೆ ಸೆರೆಸಿಕ್ಕವನು.

“ಏನಂದ್ರು ಕಾಕಾ?” ಎಂದು ನಾವು ಕೇಳಿದೆವು.

“ಹದಿನಾಲ್ಕು ದಿನ ಅಂದ್ರು. ಕೆಮ್ಮಿದವರನ್ನ ಹಿಡಕೊಂಡು ಒಯ್ತಾರಂತ ಕಾಣಸ್ತದ,” ಎಂದರು ಅವರು.

ಸಾಮಾನ್ಯ ನೆಗಡಿಯಾಗಿದ್ದ ಪಕ್ಕದ ಮನೆಯ ಅಜ್ಜಿ ಅಂದಿನಿಂದ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮತೊಡಗಿದರು. ರಾತ್ರಿ ನಿದ್ದೆ ಇಲ್ಲ, ಊಟ ಸೇರದು. ನಾಲ್ಕು ದಿನಗಳ ನಂತರ ಎರಡೂ ಭಾಷೆ ಬಲ್ಲ ಆರೋಗ್ಯ ಕಾರ್ಯಕರ್ತೆಯೊಬ್ಬರು ಬಾಗಿಲಲ್ಲಿ ನಿಂತು, “ಹೆದರಬ್ಯಾಡ್ರಿ ಅಜ್ಜಿ, ಮನ್ಯಾಗ ಬ್ಯಾರೆ ಕೋಣ್ಯಾಗ ಇರ್ರಿ. ಜ್ವರ ಬಂದ್ರ, ದಮ್ಮು ಹತ್ತಿದ್ರ ನಮಗ ತಿಳಸ್ರಿ,” ಎಂದು ಹೇಳಿದರು. ಅಂದು ರಾತ್ರಿ ಅಜ್ಜಿ ನಿದ್ದೆ ಮಾಡಿದರು. ರೋಗದ ಸ್ಥಿತಿ ಬದಲಾಗಿರಲಿಲ್ಲ; ಮಾತು ಬದಲಾಗಿತ್ತು.

ಹೀಗೇಕೆ ಆಗುತ್ತದೆ?

2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು 45 ಜನರ ಮೇಲೆ ಒಂದು ಪ್ರಯೋಗ ನಡೆಸಿದರು. ಕಂಪ್ಯೂಟರ್ ಪರದೆಯ ಮೇಲಿನ ಕಲ್ಲಿನ ಕೆಳಗೆ ಹಾವಿದೆಯೋ ಇಲ್ಲವೋ ಎಂದು ಅವರು ಊಹಿಸಬೇಕು. ಹಾವಿದ್ದರೆ ಕೈಗೆ ಸಣ್ಣ ವಿದ್ಯುತ್ ಆಘಾತ. ಆಘಾತ ಖಂಡಿತ ಎಂದು ಗೊತ್ತಿದ್ದಾಗಿನ ಉದ್ವೇಗಕ್ಕಿಂತ, ಆಗಬಹುದು ಅಥವಾ ಆಗದಿರಬಹುದು ಎಂಬ ಅರ್ಧಕ್ಕರ್ಧ ಸಂದೇಹವಿದ್ದಾಗಿನ ಉದ್ವೇಗವೇ ಹೆಚ್ಚಾಗಿತ್ತು. ಎಂದರೆ, ಕೆಟ್ಟ ಸುದ್ದಿಯನ್ನು ಮನಸ್ಸು ತಾಳಿಕೊಳ್ಳುತ್ತದೆ, ಅರೆಸುದ್ದಿಯನ್ನು ತಾಳಲಾರದು. ಅರೆಬೆಳಕಿನಲ್ಲಿಯೇ ಹಗ್ಗ ಹಾವಾಗಿ ಕಾಣುವುದು.

ಸರಕಾರ ಹೇಳದೆ ಬಿಟ್ಟ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ. ಲಾಕ್‌ಡೌನ್ ಮೂರು ತಿಂಗಳಿಗೂ ಮೀರಿ ಇರುತ್ತದೆಂಬ ಸುಳ್ಳು ಸುದ್ದಿಯಿಂದ ಗಾಬರಿಯಾಗಿ ಕೂಲಿಕಾರರು ನಡೆದು ಹೊರಟರೆಂಬುದನ್ನು ಸುಪ್ರೀಂ ಕೋರ್ಟು 2020ರ ಮಾರ್ಚ್ 31ರ ಆದೇಶದಲ್ಲಿ ಗುರುತಿಸಿತು. ಸಂದೇಹ ನಿವಾರಣೆಗೆ ಸರಕಾರದಿಂದ ದಿನನಿತ್ಯದ ಪ್ರಕಟಣೆ ಇರಬೇಕೆಂದೂ, ಶಿಬಿರಗಳಿಗೆ ಸಮಾಧಾನ ಹೇಳಬಲ್ಲವರು ಹೋಗಬೇಕೆಂದೂ ವಿಚಾರವಾಯಿತು. ಸುಳ್ಳು ಹಬ್ಬಿಸಿದವರದು ತಪ್ಪು, ನಿಜ. ಆದರೆ ನಾಲ್ಕೇ ಗಂಟೆಗಳ ಸಮಯದಲ್ಲಿ ಕೂಲಿ, ರೇಶನ್, ಬಾಡಿಗೆಗಳ ಪ್ರಶ್ನೆಗೆ ಉತ್ತರ ಸಿಗದವರು ಯಾರ ಮಾತನ್ನು ನಂಬಬೇಕಿತ್ತು?

ಇತಿಹಾಸದ ಪಾಠ

ಈ ಪಾಠ ಹೊಸದಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿದಾಗ ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಸೈನಿಕರು ಮನೆಗಳನ್ನು ಹೊಕ್ಕು ರೋಗಿಗಳನ್ನು ಹುಡುಕಿದರು. ಜನರೊಡನೆ ಮಾತಿಲ್ಲ, ಬರೀ ಬಲ. ಜನರು ರೋಗಿಗಳನ್ನು ಅಡಗಿಸಿದರು. ಸಿಟ್ಟು ಬೆಳೆದು ಜೂನ್ 22ರಂದು ಚಾಪೇಕರ ಸಹೋದರರು ರ‍್ಯಾಂಡನ ಮೇಲೆ ಗುಂಡು ಹಾರಿಸಿದರು. ಭಯ ಹುಟ್ಟಿಸಿದ ಸರಕಾರಕ್ಕೆ ರೋಗದ ಸುಳಿವೂ ಸಿಗದೆ ಹೋಯಿತು.

ಕೋವಿಡ್ ಕಾಲದಲ್ಲಿ ಸೋಂಕಿತರ ಬಾಗಿಲಿಗೆ ಅಂಟಿಸಿದ ಚೀಟಿಯೂ ಇಂಥದೇ. ಅದು ಎಚ್ಚರಿಕೆಗೆಂದು ಅಂಟಿಸಿದ್ದು. ನೆರೆಯವರು ಓದಿದ್ದು ಕಳಂಕವೆಂದು. ಸೂಕ್ತ ಅಧಿಕಾರಿಯ ವಿಶೇಷ ಆದೇಶವಿಲ್ಲದೆ ಹೀಗೆ ಅಂಟಿಸಬಾರದೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್ 9ರಂದು ಹೇಳಿತು.

ಒಳ್ಳೆಯ ಮಾತಿಗೆ ಉದಾಹರಣೆಗಳೂ ಉಂಟು. ನ್ಯೂಜಿಲೆಂಡ್ ಸರಕಾರ ಎಚ್ಚರಿಕೆಯ ನಾಲ್ಕು ಹಂತಗಳನ್ನು ಮೊದಲೇ ಸಾರಿ, ಯಾವ ಹಂತದಲ್ಲಿ ಏನು ನಡೆಯುತ್ತದೆಂದು ಜನರಿಗೆ ತಿಳಿಸಿತ್ತು. ಕೇರಳ ಸರಕಾರ ಹೊರಗಿನ ಕೂಲಿಕಾರರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆದು, ಹಿಂದಿ, ಬಂಗಾಳಿ, ಒಡಿಯಾ ಭಾಷೆಗಳಲ್ಲಿ ಅವರಿಗೆ ವಿಷಯ ತಿಳಿಸಿತು. ಆಗ ಕುಪವಾಡದ ಓಣಿಯಲ್ಲಿ ಅಂಥ ಒಂದು ಕನ್ನಡದ ಹಾಳೆ ಇದ್ದಿದ್ದರೆ ಅಜ್ಜಿಯ ನಾಲ್ಕು ರಾತ್ರಿಗಳು ಉಳಿಯುತ್ತಿದ್ದವು.

ಒಳ್ಳೆಯ ಪ್ರಕಟಣೆಯ ಲಕ್ಷಣಗಳು

1. ಗೊತ್ತಿರುವುದನ್ನು ಬೇಗನೆ ಹೇಳಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಒಪ್ಪಬೇಕು.
2. ‘ಹೆದರಬೇಡಿ’ ಎಂದಷ್ಟೇ ಹೇಳದೆ, ಏನು ಮಾಡಬೇಕೆಂದು ತಿಳಿಸಬೇಕು. ಕೈಗೆ ಕೆಲಸ ಸಿಕ್ಕರೆ ಮನಸ್ಸಿಗೆ ಹಿಡಿತ ಸಿಗುತ್ತದೆ.
3. ಎಷ್ಟು ದಿನ, ಮುಂದಿನ ಸುದ್ದಿ ಯಾವಾಗ, ಯಾರನ್ನು ಕೇಳಬೇಕು ಎಂಬುದು ಅದರಲ್ಲಿರಬೇಕು.
4. ಸತ್ತವರ ಸಂಖ್ಯೆಯ ಜೊತೆಗೆ ಗುಣವಾದವರ ಸಂಖ್ಯೆಯನ್ನೂ ಹೇಳಬೇಕು. ಮಿರಜದ ಸರಕಾರಿ ಆಸ್ಪತ್ರೆಯಲ್ಲಿದ್ದ ಇಸ್ಲಾಂಪುರದ ಆ ರೋಗಿಗಳಲ್ಲಿ ಹೆಚ್ಚಿನವರು ಏಪ್ರಿಲ್ ತಿಂಗಳಲ್ಲಿಯೇ ಗುಣಮುಖರಾದರು. ಆ ಸುದ್ದಿ ಅನೇಕರಿಗೆ ಧೈರ್ಯ ಕೊಟ್ಟಿತು.
5. ಕೇಳುವವರ ಭಾಷೆಯಲ್ಲಿ, ಗೌರವದಿಂದ ಹೇಳಬೇಕು.

ನಮ್ಮ ಕರ್ತವ್ಯ

ಸರಕಾರದ ಮಾತು ಮನೆಯ ಹೊಸ್ತಿಲವರೆಗೆ ಬರುತ್ತದೆ. ಒಳಗೆ ಒಯ್ಯುವವರು ನಾವು. ಗಡಿಯ ಮಕ್ಕಳಾದ ನಮಗೆ ಕನ್ನಡವೂ ಬರುತ್ತದೆ, ಮರಾಠಿಯೂ ಬರುತ್ತದೆ. ಇದು ಸಣ್ಣ ಸಂಪತ್ತಲ್ಲ. ಪ್ರಕಟಣೆಯನ್ನು ಪೂರ್ತಿ ಓದಿ ಹಿರಿಯರಿಗೆ ತಿಳಿಸೋಣ. ಮೂಲ ಗೊತ್ತಿಲ್ಲದ ಸುದ್ದಿಯನ್ನು ಮೊಬೈಲಿನಲ್ಲಿ ಮುಂದೆ ಕಳಿಸದಿರೋಣ. ತಂದೆತಾಯಿಗಳು ಮಕ್ಕಳ ಎದುರಿಗೆ ಪಿಸುಗುಟ್ಟುವ ಬದಲು ಇದ್ದದ್ದನ್ನು ಸರಳವಾಗಿ ಹೇಳಲಿ. ಮಕ್ಕಳೂ ಅರೆಸುದ್ದಿಗೇ ಹೆಚ್ಚು ಹೆದರುವವರು. ಮನಸ್ಸಿನ ಭಾರ ತಡೆಯದಾದರೆ ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ಸೇವೆಗೆ, 14416ಕ್ಕೆ, ಫೋನು ಮಾಡಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಅಭ್ಯಾಸ

1. ಕೆಟ್ಟ ಸುದ್ದಿಗಿಂತ ಅರೆಸುದ್ದಿ ಮನಸ್ಸನ್ನು ಹೆಚ್ಚು ಕಾಡುವುದೇಕೆ?
2. ಪುಣೆಯ ಪ್ಲೇಗಿನ ಪ್ರಸಂಗದಿಂದ ನಾವು ಕಲಿಯಬೇಕಾದುದೇನು?
3. ನಿಮ್ಮ ಊರಿನ ಒಂದು ಮರಾಠಿ ಪ್ರಕಟಣೆಯನ್ನು ಅಜ್ಜಿಗೆ ತಿಳಿಯುವಂತೆ ಐದು ಸಾಲಿನ ಕನ್ನಡದಲ್ಲಿ ಬರೆಯಿರಿ. ಬರೆದು ಓದಿ ಹೇಳಿರಿ. ಏನು ತಿಳಿಯಿತೆಂದು ಅವರನ್ನೇ ಕೇಳಿರಿ.