ಷಿಕಾಗೋದ ಮಗಳಿಗೆ ಕೋಳಿ ಸಾರಿನ ಕಾಗದ

ಹಾಸನ

ಪ್ರೀತಿಯ ಪುಟ್ಟಿ,

ಮೊನ್ನೆ ವಿಡಿಯೋ ಕಾಲಿನಲ್ಲಿ ನೀನು ಬ್ರೆಡ್ಡಿಗೆ ಜಾಮ್ ಸವರಿಕೊಂಡು, ನಿಂತಲ್ಲೇ ರಾತ್ರಿ ಊಟ ಮುಗಿಸಿದ್ದನ್ನು ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಸ್ಲೋ ಕುಕ್ಕರ್ ತಂದಿಟ್ಟಿದ್ದೀಯ, ಅದರಲ್ಲಿ ಮಾಡಿದ ಸಾರು ಕೆಟ್ಟಿತು. "ಕರೆಂಟ್ ಪಾತ್ರೆಯಲ್ಲಿ ಮಾಡಿದ್ದು ನಮ್ಮ ಸಾರಾಗಲ್ಲ ದೊಡ್ಡಮ್ಮ" ಅಂದೆಯಲ್ಲ, ಅದಕ್ಕೇ ಈ ಕಾಗದ.

ನಮ್ಮಜ್ಜಿ ನಾಟಿ ಕೋಳಿ ಸಾರಿಗೆ ಒಂದು ಕುದಿ ಬರಿಸಿ, ಉರಿಯುವ ಸೌದೆಯನ್ನೆಲ್ಲ ಹಿಂದಕ್ಕೆಳೆದು, ಕೆಂಡದ ಮೇಲೆ ಒಂದಿಷ್ಟು ಬೂದಿ ಸರಿಸಿ, ಮಡಕೆಗೆ ತಟ್ಟೆ ಮುಚ್ಚಿ ಹೊಲಕ್ಕೆ ಹೋಗಿಬಿಡುತ್ತಿದ್ದರು. ಹೊತ್ತು ಇಳಿದು ಬರುವಷ್ಟರಲ್ಲಿ ಮೂಳೆಯಿಂದ ಮಾಂಸ ತಾನೇ ಬಿಟ್ಟುಕೊಂಡು, ಸಾರಿನ ಮೇಲೆ ಎಣ್ಣೆ ಕೆಂಪಗೆ ತೇಲುತ್ತಿತ್ತು.

ನಿನ್ನ ಕುಕ್ಕರಿನ ಹುಟ್ಟೂ ಇಂಥದ್ದೇ. ಅದನ್ನು ಕಂಡುಹಿಡಿದ ಇರ್ವಿಂಗ್ ನ್ಯಾಕ್ಸನ್ ನಿನ್ನ ಷಿಕಾಗೋದಲ್ಲೇ ಇದ್ದವರು. ಸಬ್ಬತ್ತೆಂಬ ವಿಶ್ರಾಂತಿಯ ದಿನ ಒಲೆ ಹಚ್ಚುವಂತಿಲ್ಲವೆಂದು ಲಿಥುವೇನಿಯಾದ ಯಹೂದಿ ಹೆಂಗಸರು ಶುಕ್ರವಾರವೇ ಚೋಲೆಂಟ್ ಎಂಬ ಕಾಳು-ಮಾಂಸದ ಅಡುಗೆಯನ್ನು ಬೇಕರಿಯ ಗೂಡಿಗೆ ಒಯ್ದಿಡುತ್ತಿದ್ದರಂತೆ. ಆರುತ್ತ ಬರುವ ಗೂಡಿನ ಕಾವಿನಲ್ಲಿ ಅದು ರಾತ್ರಿಯಿಡೀ ಬೇಯುತ್ತಿತ್ತು. ತಾಯಿಯಿಂದ ಕೇಳಿದ ಆ ಕಥೆಯೇ ನ್ಯಾಕ್ಸನ್‌ರಿಗೆ ದಾರಿ ತೋರಿಸಿತು. 1940ರಲ್ಲಿ ಪೇಟೆಂಟ್ ಸಿಕ್ಕಿತು, 1971ರಲ್ಲಿ ರೈವಲ್ ಕಂಪನಿ ಅದನ್ನೇ ಕ್ರಾಕ್‌ಪಾಟ್ ಎಂದು ಮಾರಲು ಶುರುಮಾಡಿತು. ಆ ಅಮ್ಮಂದಿರ ಗೂಡು, ನಮ್ಮಜ್ಜಿಯ ಕೆಂಡ, ನಿನ್ನ ಕುಕ್ಕರ್ ಮೂರೂ ಒಂದೇ ಬಳಗ ಕಣೇ.

ಹಾಗಾದರೆ ನಿನ್ನ ಸಾರು ಯಾಕೆ ಕೆಟ್ಟಿತು? ಹಸಿ ಈರುಳ್ಳಿ, ಹಸಿ ಮಸಾಲೆ, ಮೇಲಿಂದ ನೀರು, ಎಲ್ಲ ಒಟ್ಟಿಗೆ ಸುರಿದೆ. ಆ ಮೆತ್ತನೆ ಕಾವಿಗೆ ಬೇಯಿಸುವುದು ಗೊತ್ತು, ಹುರಿಯುವುದು ಗೊತ್ತಿಲ್ಲ. ಭಾನುವಾರ ಒಂದರ್ಧ ಗಂಟೆ ಮಾಡಿಕೋ. ಈರುಳ್ಳಿಯನ್ನು ಕೆಂಪಗೆ ಹುರಿ. ಶುಂಠಿ, ಬೆಳ್ಳುಳ್ಳಿ, ಧನಿಯ, ಮೆಣಸು, ಚಕ್ಕೆ, ಲವಂಗ ಸೇರಿಸಿ ಘಮ್ಮೆಂದ ಮೇಲೆ ರುಬ್ಬಿ, ಎಣ್ಣೆ ಅಂಚಿಗೆ ಬಿಡುವ ತನಕ ಬಾಡಿಸು. ಆರಿದ ಮೇಲೆ ಮೂರು ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡು. ವಾರದ ಮೂರು ರಾತ್ರಿ ಅಲ್ಲಿಗಾಯಿತು.

ಹಿಂದಿನ ರಾತ್ರಿಯೇ ಒಂದು ಡಬ್ಬಿಯನ್ನೂ ಕೋಳಿಯನ್ನೂ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸು. ಹೆಪ್ಪುಗಟ್ಟಿದ ಕೋಳಿಯನ್ನು ಮಾತ್ರ ಖಂಡಿತ ಕುಕ್ಕರಿಗೆ ಹಾಕಬೇಡ. ಬಿಸಿ ಏರುವುದು ತಡವಾದರೆ ಮಾಂಸ ಕೆಡುತ್ತೆ. ಎದೆ ಭಾಗ ಬೇಡ, ಹತ್ತಿಯಾಗುತ್ತೆ. ಮೂಳೆ ಇರುವ ತೊಡೆ ತಗೋ, ಚರ್ಮ ತೆಗೆ. ಒಂದು ಕಿಲೋಗೆ ಅರ್ಧ ಲೋಟ ನೀರು ಸಾಕು, ಕೋಳಿಯೇ ನೀರು ಬಿಡುತ್ತೆ. ಪಾತ್ರೆ ಅರ್ಧಕ್ಕಿಂತ ತುಸು ಮೇಲಿರಲಿ, ಕಂಠಮಟ್ಟ ಬೇಡ. ಲೋ ಕಾವಿನಲ್ಲಿ ಆರೇಳು ಗಂಟೆ, ಆಮೇಲೆ ತಾನೇ ವಾರ್ಮ್‌ಗೆ ತಿರುಗುವಂತೆ ಇಟ್ಟು ಆಫೀಸಿಗೆ ಹೋಗು. ರಜೆಯ ದಿನ ಮನೆಯಲ್ಲಿದ್ದರೆ ಸುಮ್ಮಸುಮ್ಮನೆ ಮುಚ್ಚಳ ತೆಗೆದು ನೋಡಬೇಡ, ಒಂದೊಂದು ಸಲಕ್ಕೂ ಇಪ್ಪತ್ತು ನಿಮಿಷದ ಬಿಸಿ ಹೋಗುತ್ತೆ. ಥರ್ಮಾಮೀಟರ್ ಇದೆಯೆಂದೆಯಲ್ಲ, ಮಾಂಸದ ಒಳಗೆ ಚುಚ್ಚಿದರೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು.

ಕಾಯಿಯನ್ನು ಬೆಳಗ್ಗೆ ಹಾಕಬೇಡ, ಒಡೆದುಹೋಗುತ್ತೆ. ಸಂಜೆ ಬಂದ ಕೂಡಲೇ ರುಬ್ಬಿದ ಕಾಯಿ ಬೆರೆಸಿ ಹೈಗೆ ತಿರುಗಿಸು. ನೀನು ಸ್ನಾನ ಮುಗಿಸಿ ಎರಡು ಮುದ್ದೆ ತೊಳಸುವುದರೊಳಗೆ ಸಾರು ಕೂಡಿಕೊಂಡಿರುತ್ತೆ. ಮೇಲೆ ಕೊತ್ತಂಬರಿ ಸೊಪ್ಪು, ನಿಂಬೆರಸ.

ನಿನ್ನ ಅತ್ತೆ ಮಗ ಮುಂದಿನ ತಿಂಗಳು ಆ ಕಡೆ ಬರುತ್ತಾನೆ. ಬ್ಯಾಡಗಿ ಮೆಣಸಿನಕಾಯಿಯ ಖಾರದ ಪುಡಿ ಮಾಡಿಸಿ ಕಟ್ಟಿಟ್ಟಿದ್ದೇನೆ. ಈ ಗುರುವಾರ ಸಾರು ಮಾಡಿ, ತಟ್ಟೆ ಮುಂದಿಟ್ಟುಕೊಂಡು ಕೂತ ಮೇಲೆ ನನಗೆ ಕಾಲ್ ಮಾಡು. ಆಗ ನನಗಿಲ್ಲಿ ಹಾಲು ಕಾಯಿಸುವ ಹೊತ್ತು. ನೀನು ಕೂತು ಉಣ್ಣುವುದನ್ನು ನೋಡಬೇಕು.

ನಿನ್ನ
ದೊಡ್ಡಮ್ಮ