ಮಾತು ನಿಂತಲ್ಲಿ ಗೀತ

ಓದತಕ್ಕ ಭಾಗಗಳು: 1 ಸಮುವೇಲ 16: 14–23, ಅಪೊಸ್ತಲರ ಕೃತ್ಯಗಳು 16: 22–34.



ನಮ್ಮ ಹಳ್ಳಿಯ ಸಭೆಗಳಲ್ಲಿ ಅಕ್ಷರಜ್ಞಾನವಿಲ್ಲದ ಕೆಲವರು, ತಮಗೆ ಪ್ರಾರ್ಥಿಸುವದಕ್ಕೆ ಮಾತು ಬಾರದೆಂದು ಹೇಳಿ ಹಿಂದೆ ಕೂತುಕೊಳ್ಳುವದುಂಟು. ಅಂಥವರ ಆದರಣೆಗೋಸ್ಕರವೂ ಮಾತು ಬಲ್ಲ ನಮ್ಮಂಥವರ ಎಚ್ಚರಿಕೆಗೋಸ್ಕರವೂ ಈ ಪಾಠವನ್ನು ಬರೆದಿದ್ದೇನೆ.

1. ಕಿನ್ನರಿಯ ಸೇವೆ. ಅರಸನಾದ ಸೌಲನು ದುರಾತ್ಮದ ಬಾಧೆಯಿಂದ ಕಳವಳಪಟ್ಟಾಗ ಬೇತ್ಲೆಹೇಮಿನಿಂದ ದಾವೀದನನ್ನು ಕರೆತರಿಸಿದರು. ದಾವೀದನು ಕಿನ್ನರಿಯನ್ನು ಬಾರಿಸಿದಾಗೆಲ್ಲಾ ಸೌಲನಿಗೆ ಉಪಶಮನವಾಗುತ್ತಿತ್ತು. ಆಗ ದಾವೀದನು ಏನು ಮಾತಾಡಿದನೆಂದು ಅಲ್ಲಿ ಬರೆದಿಲ್ಲ. ಬಾರಿಸಿದನೆಂದು ಮಾತ್ರವೇ ಬರೆದದೆ. ಬುದ್ಧಿಮಾತಿಗೆ ಕಿವಿಗೊಡಲಾರದ ಮನಸ್ಸನ್ನೂ ದೇವರು ನಾದದ ಮೂಲಕ ಮುಟ್ಟಿದನು.

2. ಸೆರೆಮನೆಯ ಗೀತ. ಮಕೆದೋನ್ಯದ ಫಿಲಿಪ್ಪಿ ಪಟ್ಟಣದಲ್ಲಿ ಪೌಲ ಸೀಲರು ಪೆಟ್ಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು ಒಳಗಿನ ಕೋಣೆಯಲ್ಲಿದ್ದರು. ಅಲ್ಲಿ ಉಪದೇಶಿಸುವದಕ್ಕೆ ಸಭೆಯಿರಲಿಲ್ಲ, ಓದುವದಕ್ಕೆ ಬೆಳಕಿರಲಿಲ್ಲ. ಆದರೂ ಮಧ್ಯರಾತ್ರಿಯಲ್ಲಿ ಅವರು ಪ್ರಾರ್ಥಿಸುತ್ತಾ ದೇವರಿಗೆ ಸ್ತುತಿಪದಗಳನ್ನು ಹಾಡಿದರು. ಬೇರೆ ಸೆರೆಯವರು ಕಿವಿಗೊಟ್ಟು ಕೇಳಿದರು. ಗಾಯಗೊಂಡವನು ಹಾಡುವನಾದರೆ ಆತನ ನಂಬಿಕೆಗೆ ಬೇರೆ ಸಾಕ್ಷಿ ಯಾಕೆ?

3. ನಾನು ಕಲಿತ ಪಾಠ. ಇದನ್ನು ವೇದಪಾಠಶಾಲೆಯಲ್ಲಿ ಓದಿದ್ದರೂ ನಾನು ನಿಜವಾಗಿ ಕಲಿತದ್ದು ಒಬ್ಬ ವೃದ್ಧ ತಾಯಿಯಿಂದ. ಆಕೆ ಆರಾಧನೆಯಲ್ಲಿ ಪದಗಳನ್ನು ಬಿಟ್ಟು ಬರೀ ರಾಗವನ್ನು ಗುನುಗುತ್ತಿದ್ದಳು. ಪದವರಿಯದೆ ಹಾಡುವದು ಸಲ್ಲದೆಂದು ನಾನು ಎಲ್ಲರ ಮುಂದೆಯೇ ಆಕೆಯನ್ನು ತಡೆದೆನು, ಆಕೆ ಸುಮ್ಮನಾದಳು. ಕೆಲವು ತಿಂಗಳುಗಳ ಮೇಲೆ ಆಕೆಯ ಒಬ್ಬನೇ ಮಗನು ತೀರಿಕೊಂಡನು. ಸಮಾಧಿಯ ಬಳಿಯಲ್ಲಿ ನಾನು ಪ್ರಾರ್ಥಿಸಲಾರಂಭಿಸಿ, ಎರಡು ಮಾತಾಡುವಷ್ಟರಲ್ಲಿ ಗಂಟಲು ಕಟ್ಟಿ ನಿಂತುಬಿಟ್ಟೆನು. ಆಗ ಆ ತಾಯಿಯೇ ಅದೇ ರಾಗವನ್ನು ಮೆಲ್ಲಗೆ ಎತ್ತಿದಳು. ಪದ ಬಲ್ಲವರು ಪದ ಕೂಡಿಸಿದರು, ಬಾರದವರು ರಾಗ ಹಿಡಿದರು. ಆ ಸಂಜೆ ನಾನು ಆಕೆಯ ಮನೆಗೆ ಹೋಗಿ ಕ್ಷಮೆ ಬೇಡಿದೆನು. ಆಕೆ, "ಅಯ್ಯನವರೇ, ಮಾತು ನನ್ನಲ್ಲಿ ನಿಲ್ಲುವದಿಲ್ಲ, ರಾಗ ನಿಲ್ಲುತ್ತದೆ. ಇದ್ದದ್ದನ್ನು ದೇವರಿಗೆ ಕೊಡುತ್ತೇನೆ" ಅಂದಳು.

4. ಕನ್ನಡಿಗರ ಕಿವಿ. ಕನ್ನಡದ ದೊಡ್ಡ ಶಬ್ದಕೋಶವನ್ನು 1894ರಲ್ಲಿ ಪ್ರಕಟಿಸಿದ ಕಿಟೆಲ್ ಪಂಡಿತರ ಹೆಸರನ್ನು ನೀವು ಕೇಳಿರಬಹುದು. ಶಬ್ದಗಳನ್ನು ಅಷ್ಟು ಶ್ರಮಪಟ್ಟು ಕೂಡಿಸಿದ ಅವರೇ, ಅದಕ್ಕೂ ಮುಂಚೆ 1862ರಲ್ಲಿ, ಕ್ರಿಸ್ತನ ಚರಿತ್ರೆಯನ್ನು ಈ ದೇಶದ ಛಂದಸ್ಸುಗಳಲ್ಲಿ 'ಕಥಾಮಾಲೆ' ಎಂಬ ಪದ್ಯಗ್ರಂಥವಾಗಿ ರಚಿಸಿದರು. ನಮ್ಮ ಜನರ ಹೃದಯಕ್ಕೆ ಕಿವಿಯೇ ಬಾಗಿಲೆಂಬದು ಇದರಿಂದ ತಿಳಿಯುತ್ತದೆ.

5. ಎಚ್ಚರಿಕೆ. ಹಾಗಾದರೆ ವಾಕ್ಯವು ಬೇಡವೋ? ಹಾಗಲ್ಲ. ಆ ರಾತ್ರಿ ಭೂಕಂಪವಾದ ಮೇಲೆ ಸೆರೆಯ ಯಜಮಾನನು ರಕ್ಷಣೆಯ ಮಾರ್ಗವನ್ನು ಕೇಳಲು, ಪೌಲ ಸೀಲರು ಅವನಿಗೆ ಹಾಡಿನಿಂದಲ್ಲ, ವಾಕ್ಯದಿಂದಲೇ ಉತ್ತರಕೊಟ್ಟರು. ಇದಲ್ಲದೆ ನ್ಯಾಯವನ್ನು ತೊರೆದವರ ಗೀತಗಳನ್ನು ದೇವರು ಗದ್ದಲವೆಂದು ತಳ್ಳಿಬಿಟ್ಟನೆಂದು ಆಮೋಸನ ಗ್ರಂಥದಲ್ಲಿ ನೋಡುತ್ತೇವೆ. ನೆರೆಯವನ ಕೂಲಿಯನ್ನು ಹಿಡಿದಿಟ್ಟುಕೊಂಡು ಇಂಪಾಗಿ ಹಾಡಿದರೆ ಫಲವೇನು?

ಆದಕಾರಣ, ಓದಬಲ್ಲವರೇ, ಬಾರದವರ ಪಕ್ಕದಲ್ಲಿ ಕೂತು ಒಂದೊಂದು ಪದವನ್ನಾಗಿ ಕಲಿಸಿರಿ. ಬಾರದವರೇ, ಕಲಿಯುವ ವರೆಗೆ ಸುಮ್ಮನಿರಬೇಡಿರಿ. ನಮ್ಮ ಬಲಹೀನತೆಯಲ್ಲಿ ಮಾತಿಗೆ ನಿಲುಕದ ನರಳಾಟವನ್ನೂ ದೇವರು ಬಲ್ಲನೆಂದು ಪೌಲನು ರೋಮಾಪುರದವರಿಗೆ ತಿಳಿಸಿದ್ದಾನಲ್ಲವೇ? ಹಾಗಾದರೆ ನಿಮ್ಮ ರಾಗವನ್ನು ಆತನು ಅರಿಯದಿರುವನೇ?

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
(1) ಪೌಲ ಸೀಲರ ಗೀತವನ್ನು ಯಾರು ಕೇಳಿದರು? ನಮ್ಮ ಮನೆಯ ಗೀತವನ್ನು ಯಾರು ಕೇಳುತ್ತಾರೆ?
(2) ನಮ್ಮ ಸಭೆಯಲ್ಲಿ ಯಾರನ್ನಾದರೂ ನಾವು ಸುಮ್ಮನಾಗಿಸಿದ್ದೇವೋ?